ಸರ್ವರ್ ಮೂರನೇ ಮಹಡಿಯಲ್ಲಿ, ಜನರೇಟರ್ ಸೆಲ್ಲಾರಿನಲ್ಲಿ

ಹೈದರಾಬಾದಿನಲ್ಲಿ ನಿನ್ನೆ ಇಷ್ಟು ಮಳೆ ಬಿತ್ತು ಎಂದು ಪತ್ರಿಕೆಗಳು ಬರೆದರೆ, ಬಹಳ ಕಾಲ ಅದರ ಅರ್ಥ ಬೇಗಂಪೇಟೆಯಲ್ಲಿ ಇಷ್ಟು ಮಳೆ ಬಿತ್ತು ಎಂದೇ ಆಗಿತ್ತು. ಹಳೆಯ ವಿಮಾನ ನಿಲ್ದಾಣದ ಬಳಿಯ ಹವಾಮಾನ ಕೇಂದ್ರದ ಮಳೆಮಾಪಕವೇ ಇಡೀ ನಗರದ ಪರವಾಗಿ ಸಾಕ್ಷಿ ಹೇಳುತ್ತಿತ್ತು. 2000ದ ಆಗಸ್ಟ್ 24ರಂದು ಆ ಮಾಪಕ ಒಂದೇ ದಿನದಲ್ಲಿ 24 ಸೆಂಟಿಮೀಟರಿಗೂ ಹೆಚ್ಚು ಮಳೆ ತೋರಿಸಿತು. ಕೂಕಟ್‌ಪಲ್ಲಿ ಕಡೆಯಿಂದ ಹುಸೇನ್ ಸಾಗರಕ್ಕೆ ಇಳಿಯುವ ನಾಲೆ ಬೇಗಂಪೇಟೆಯ ಮಗ್ಗುಲಲ್ಲೇ ಹರಿಯುತ್ತದೆ. ದೊಡ್ಡ ಮಳೆ ಬಂದಾಗಲೆಲ್ಲ ಇಲ್ಲಿನ ತಗ್ಗು ಬಡಾವಣೆಗಳವರು ಮೊದಲು ನೋಡುವುದು ಆ ನಾಲೆಯ ಕಡೆಗೆ.

ಗ್ರೀನ್‌ಲ್ಯಾಂಡ್ಸ್ ವೃತ್ತದಿಂದ ಪ್ರಕಾಶ್ ನಗರ, ರಸೂಲ್‌ಪುರದವರೆಗೆ ಮೆಟ್ರೊ ಕಂಬಗಳ ನೆರಳಿನಲ್ಲಿ ಸಾಲುಸಾಲು ಕಚೇರಿಗಳಿವೆ. ಆಸ್ಪತ್ರೆ, ಬ್ಯಾಂಕು, ಪ್ರವಾಸ ಸಂಸ್ಥೆ, ಲೆಕ್ಕಪರಿಶೋಧಕರು, ಸಾಫ್ಟ್‌ವೇರ್ ಕಂಪನಿ. ಇವುಗಳಲ್ಲಿ ಯಾವುದಾದರೊಂದು ಮಧ್ಯಮ ಗಾತ್ರದ ಕಚೇರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಮೂರನೇ ಮಹಡಿಯಲ್ಲಿ ಗಾಜಿನ ಬಾಗಿಲಿನ ತಣ್ಣನೆ ಕೋಣೆ. ಒಳಗೆ ಎರಡು ಸರ್ವರ್, ಎರಡು ಯುಪಿಎಸ್, ಎರಡು ಬೇರೆಬೇರೆ ಕಂಪನಿಗಳ ಇಂಟರ್‌ನೆಟ್ ಸಂಪರ್ಕ. ಒಂದು ಕೈಕೊಟ್ಟರೆ ಇನ್ನೊಂದಿದೆ ಎಂಬ ನೆಮ್ಮದಿ. ಈಗ ಮೆಟ್ಟಿಲಿಳಿದು ಹೈದರಾಬಾದಿಗರು ಸೆಲ್ಲಾರ್ ಎಂದು ಕರೆಯುವ ನೆಲಮಾಳಿಗೆಗೆ ಬನ್ನಿ. ಕಾರುಗಳ ಹಿಂದೆ, ಗೋಡೆಗೆ ಒತ್ತಿಕೊಂಡು ಕಟ್ಟಡದ ಮುಖ್ಯ ವಿದ್ಯುತ್ ಪ್ಯಾನೆಲ್ ಇದೆ. ಅದರ ಪಕ್ಕದಲ್ಲೇ ಜನರೇಟರ್, ಅದರ ಪಕ್ಕದಲ್ಲೇ ಡೀಸೆಲ್. ಎರಡು ಇಂಟರ್‌ನೆಟ್ ಕೇಬಲ್‌ಗಳೂ ಒಂದೇ ಕೊಳವೆಯಲ್ಲಿ ಇಲ್ಲಿಂದಲೇ ಒಳಗೆ ಬರುತ್ತವೆ. ಮೇಲೆ ಎರಡೆರಡಾಗಿ ಕಂಡದ್ದೆಲ್ಲ ಕೆಳಗೆ ಒಂದೇ ಆಗಿದೆ. ನೀರು ಮೂರನೇ ಮಹಡಿಗೆ ಏರಬೇಕಾಗಿಲ್ಲ. ಸೆಲ್ಲಾರಿನಲ್ಲಿ ಮೊಣಕಾಲುದ್ದ ನಿಂತರೆ ಸಾಕು.

2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕನ್ನು ಹೊಕ್ಕಾಗ ಇದೇ ನಡೆಯಿತು. ಬ್ರಾಡ್ ಸ್ಟ್ರೀಟಿನ ಒಂದು ಡೇಟಾ ಸೆಂಟರಿನವರು ಜಾಣತನದಿಂದ ಜನರೇಟರನ್ನು ಮೇಲಿನ ಮಹಡಿಯಲ್ಲಿ ಇಟ್ಟಿದ್ದರು. ಆದರೆ ಅದಕ್ಕೆ ಇಂಧನ ಏರಿಸುವ ಪಂಪು ನೆಲಮಾಳಿಗೆಯಲ್ಲಿತ್ತು. ಪಂಪು ಮುಳುಗಿತು. ಸಿಬ್ಬಂದಿಯೂ ಗ್ರಾಹಕ ಕಂಪನಿಗಳ ಇಂಜಿನಿಯರುಗಳೂ ಕತ್ತಲ ಮೆಟ್ಟಿಲುಗಳ ಮೇಲೆ ಸಾಲುನಿಂತು, ಕೈಯಿಂದ ಕೈಗೆ ಬಕೆಟ್ ದಾಟಿಸುತ್ತ ಹದಿನೇಳು ಮಹಡಿ ಎತ್ತರಕ್ಕೆ ಡೀಸೆಲ್ ಹೊತ್ತರು. ಅವರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಒಂದು ಪಂಪಿನ ಜಾಗವನ್ನು ಮೊದಲೇ ಯೋಚಿಸಿದ್ದರೆ ಆ ಬಕೆಟ್ಟುಗಳು ಬೇಕಾಗುತ್ತಿರಲಿಲ್ಲ.

ಬಾಳಿಕೆ ಬೇರೆ, ತಾಳಿಕೆ ಬೇರೆ

ಫಾಲ್ಟ್ ಟಾಲರೆನ್ಸ್ ಎಂಬುದಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ ದೋಷಸಹಿಷ್ಣುತೆ ಎನ್ನಬಹುದು. ಆದರೆ ನಮ್ಮ ಮನೆಮಾತಿನಲ್ಲೇ ಇದಕ್ಕಿಂತ ಒಳ್ಳೆಯ ಜೋಡಿಪದವಿದೆ: ತಾಳಿಕೆ, ಬಾಳಿಕೆ. ಪಾತ್ರೆ ಕೊಳ್ಳುವಾಗ ಬಾಳಿಕೆ ಬರುತ್ತದೆಯೇ ಎಂದು ಕೇಳುತ್ತೇವೆ. ಬಾಳಿಕೆ ಎಂದರೆ ವಸ್ತು ಬೇಗ ಕೆಡುವುದಿಲ್ಲ ಎಂಬ ಭರವಸೆ. ತಾಳಿಕೆ ಎಂದರೆ ಒಳಗೆ ಏನೋ ಕೆಟ್ಟಿದ್ದರೂ ಇಡೀ ವ್ಯವಸ್ಥೆ ನಿಂತುಕೊಳ್ಳುವ ಗುಣ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಬಾಳಿಕೆ ಸಿಗುತ್ತದೆ. ತಾಳಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಯೋಚಿಸಿ ಕಟ್ಟಬೇಕು.

ಈ ವಿಚಾರಕ್ಕೆ ಗಣಿತದ ನೆಲೆ ಕೊಟ್ಟವರಲ್ಲಿ ಜಾನ್ ವಾನ್ ನ್ಯೂಮನ್ ಮೊದಲಿಗರು. ಆಗಿನ ಕಂಪ್ಯೂಟರುಗಳಲ್ಲಿ ಸಾವಿರಾರು ನಿರ್ವಾತ ನಳಿಕೆಗಳಿರುತ್ತಿದ್ದವು, ಒಂದಲ್ಲ ಒಂದು ಸುಟ್ಟುಹೋಗುತ್ತಲೇ ಇತ್ತು. ನಂಬಲಾಗದ ಬಿಡಿಭಾಗಗಳಿಂದಲೇ ನಂಬಬಹುದಾದ ಯಂತ್ರವನ್ನು ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆಯನ್ನು 1952ರ ತಮ್ಮ ಉಪನ್ಯಾಸಗಳಲ್ಲಿ ಅವರು ಎತ್ತಿಕೊಂಡರು. ಸಾಧ್ಯ ಎಂಬುದೇ ಉತ್ತರವಾಗಿತ್ತು. ಒಂದೇ ಕೆಲಸವನ್ನು ಹಲವು ಭಾಗಗಳಿಗೆ ಕೊಟ್ಟು, ಬಹುಮತದ ಉತ್ತರವನ್ನು ಸ್ವೀಕರಿಸಿದರಾಯಿತು. ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರದಲ್ಲಿ ನಡೆದಿರುವುದೆಲ್ಲ ಒಂದರ್ಥದಲ್ಲಿ ಅದೇ ಉತ್ತರದ ವಿಸ್ತರಣೆ.

ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ಈ ವಿಷಯದ ತಿರುಳು ಈ ಲೆಕ್ಕದಲ್ಲೇ ಇದೆ. ನೂರರಲ್ಲಿ 99 ಪಾಲು ಹೊತ್ತು ನಡೆಯುವ ಸರ್ವರ್ ಎಂದರೆ ಕಿವಿಗೆ ಚೆನ್ನಾಗಿದೆ. ಆದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಅದು ಮಲಗಿರುತ್ತದೆ. ಕಚೇರಿಯ ಕೆಲಸ ಸಾಗಲು ವಿದ್ಯುತ್, ನೆಟ್‌ವರ್ಕ್, ಸರ್ವರ್, ಡೇಟಾಬೇಸ್, ತಂತ್ರಾಂಶ ಈ ಐದೂ ಬೇಕು, ಪ್ರತಿಯೊಂದೂ 99 ಪಾಲು ಎಂದುಕೊಂಡರೆ ಒಟ್ಟು ಸರಪಳಿ ಸುಮಾರು 95ಕ್ಕೆ ಇಳಿಯುತ್ತದೆ. ಎಂದರೆ ವರ್ಷಕ್ಕೆ ಹದಿನೆಂಟು ದಿನ ಕೆಲಸ ನಿಂತಂತೆ. ಸರಪಳಿಯ ಕೊಂಡಿಗಳು ಹೆಚ್ಚಿದಷ್ಟೂ ಅದು ದುರ್ಬಲ.

ಈಗ ಸರ್ವರನ್ನು ಜೋಡಿ ಮಾಡೋಣ. ಒಂದು ಬಿದ್ದರೆ ಇನ್ನೊಂದು ಹೊರುತ್ತದೆ. ಎರಡೂ ಒಟ್ಟಿಗೆ ಮಲಗುವ ಸಂಭವ ನೂರರಲ್ಲಿ ಒಂದರ ನೂರರಲ್ಲಿ ಒಂದು, ಅಂದರೆ ಹತ್ತು ಸಾವಿರದಲ್ಲಿ ಒಂದು. ಮೂರೂವರೆ ದಿನವಿದ್ದದ್ದು ವರ್ಷಕ್ಕೆ 53 ನಿಮಿಷಕ್ಕೆ ಇಳಿಯಿತು! ಎಲ್ಲವನ್ನೂ ಎರಡೆರಡು ಕೊಳ್ಳಿರಿ ಎಂದು ಮಾರಾಟಗಾರರು ಹೇಳುವುದು ಈ ಲೆಕ್ಕದ ಬಲದಿಂದಲೇ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಎರಡೂ ಬೇರೆಬೇರೆ ಕಾರಣಕ್ಕೆ ಬೀಳಬೇಕು. ಹತ್ತು ಸಲ ಬೀಳುವುದರಲ್ಲಿ ಒಂದು ಸಲವಾದರೂ ಎರಡಕ್ಕೂ ಸಮಾನವಾದ ಕಾರಣದಿಂದ ಬೀಳುತ್ತವೆ ಎಂದಿಟ್ಟುಕೊಳ್ಳಿ: ಒಂದೇ ಪ್ಯಾನೆಲ್, ಒಂದೇ ತಂತ್ರಾಂಶದ ತಪ್ಪು, ಒಂದೇ ಸೆಲ್ಲಾರಿನ ನೀರು. ಆಗ ಆ 53 ನಿಮಿಷ ಒಂಬತ್ತೂವರೆ ಗಂಟೆಯಾಗಿ ಬೆಳೆಯುತ್ತದೆ. ಹತ್ತರಲ್ಲಿ ಒಂದು ಪಾಲಿನ ಹಂಚಿಕೆ ಲಾಭದ ದೊಡ್ಡ ಭಾಗವನ್ನೇ ನುಂಗಿತು. ಮೂರನೆಯ ಸರ್ವರ್ ಕೊಂಡರೂ ಆ ಹಂಚಿಕೊಂಡ ಪಾಲು ಕರಗುವುದಿಲ್ಲ.

ನಮ್ಮ ಸಂಸ್ಥೆಗಳು ಎಡವುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ನಾವು ಸಂಖ್ಯೆಯನ್ನು ಎಣಿಸುತ್ತೇವೆ, ಸಂಬಂಧವನ್ನು ನೋಡುವುದಿಲ್ಲ.

788 ಕೆರೆಗಳು

ಸಂಖ್ಯೆ ಸಾಲದು, ಸಂಬಂಧ ನೋಡಬೇಕು ಎಂಬುದನ್ನು ಹೈದರಾಬಾದಿಗೆ ತೋರಿಸಿಕೊಟ್ಟವರು ಒಬ್ಬ ಕನ್ನಡಿಗರು. ಆಗ ಸರ್ವರ್ ಇರಲಿಲ್ಲ, ಕೆರೆಗಳಿದ್ದವು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರದ ಮೇಲೆ ಹರಿಯಿತು. ಸತ್ತವರು ಸುಮಾರು 15 ಸಾವಿರ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಮುಂಬೈ ಪ್ರಾಂತದ ಸೇವೆಯಿಂದ ಆಗಷ್ಟೇ ಹೊರಬಂದಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. 1909ರ ಏಪ್ರಿಲಿನಲ್ಲಿ ಬಂದ ಅವರು ನದಿಯನ್ನಷ್ಟೇ ಅಲ್ಲ, ನದಿಯ ಮೇಲ್ಭಾಗವನ್ನೂ ನೋಡಿದರು. ಅಲ್ಲಿ ಒಂದಲ್ಲ ಎರಡಲ್ಲ, 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಇಷ್ಟು ಕೆರೆಗಳಿದ್ದರೆ ನೆರೆ ತಡೆಯಬೇಕಿತ್ತಲ್ಲ? ಆದರೆ ಅವುಗಳಲ್ಲಿ 221 ಕೆರೆಗಳ ಏರಿ ಒಡೆದಿತ್ತು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಗೆ ಒಮ್ಮೆಲೇ ನುಗ್ಗಿ ಅದನ್ನೂ ಒಡೆಯಿತು, ಅದು ಅದರ ಕೆಳಗಿನದನ್ನು. ಪ್ರತಿ ಕೆರೆಗೂ ತನ್ನ ಪಾಲಿನ ಮಳೆಯನ್ನು ತಾಳುವ ಶಕ್ತಿ ಇದ್ದಿರಬಹುದು. ಮೇಲಿನ ಕೆರೆಯ ಪಾಲನ್ನೂ ಸೇರಿಸಿ ಹೊರುವ ಶಕ್ತಿ ಇರಲಿಲ್ಲ. ರಕ್ಷಣೆಗೆಂದು ಎಣಿಸಬಹುದಾಗಿದ್ದ ಸಂಖ್ಯೆಯೇ ಅನಾಹುತದ ಸರಣಿಯಾಯಿತು.

ಇಂದಿನ ಸರ್ವರ್ ಕೋಣೆಯಲ್ಲಿ ಇದೇ ಕತೆ ಬೇರೆ ಅಂಕಿಗಳಲ್ಲಿ ನಡೆಯುತ್ತದೆ. ಮೂರು ಸರ್ವರ್‌ಗಳು ಕೆಲಸ ಹಂಚಿಕೊಂಡಿವೆ, ಪ್ರತಿಯೊಂದೂ ತನ್ನ ಶಕ್ತಿಯ 70 ಪಾಲು ದುಡಿಯುತ್ತಿದೆ. ವರದಿಯಲ್ಲಿ ಎಲ್ಲ ಹಸಿರು. ಒಂದು ಬಿದ್ದಿತು. ಒಟ್ಟು 210 ಪಾಲು ಹೊರೆ ಉಳಿದ ಎರಡರ ಮೇಲೆ ಬಂದು ತಲಾ 105 ಆಯಿತು. ಎರಡನೆಯದೂ ಬೀಳುತ್ತದೆ. ಮೂರನೆಯದಕ್ಕೆ ಈಗ 210! ಒಂದನ್ನು ಕಳೆದುಕೊಂಡೂ ನಿಲ್ಲಬೇಕೆಂದರೆ ಈ ಮೂರೂ ಸಾಮಾನ್ಯ ದಿನಗಳಲ್ಲಿ 66 ಪಾಲನ್ನು ದಾಟಬಾರದಿತ್ತು. ಉಳಿದ ಮೂರನೇ ಒಂದು ಭಾಗ ವ್ಯರ್ಥವಲ್ಲ. ಅದು ಕೆರೆಯ ಏರಿ ಮತ್ತು ನೀರಿನ ಮಟ್ಟದ ನಡುವೆ ಬಿಡುವ ಅಂತರವಿದ್ದಂತೆ. ಯಂತ್ರಗಳು ಖಾಲಿ ಕೂತಿವೆಯಲ್ಲ ಎಂದು ಆ ಅಂತರವನ್ನು ವೆಚ್ಚ ಕಡಿತದ ಸಭೆಯಲ್ಲಿ ಅಳಿಸಿಹಾಕುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಇದರ ಜೊತೆಗೆ ನಾವೂ ಇದ್ದೇವೆ, ಬಳಕೆದಾರರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪುಟ ತೆರೆಯದಿದ್ದರೆ ಏನು ಮಾಡುತ್ತೇವೆ? ಮತ್ತೆ ಒತ್ತುತ್ತೇವೆ, ಮತ್ತೆ ಒತ್ತುತ್ತೇವೆ, ಅಪ್ಪನ ಫೋನಿನಲ್ಲೊಮ್ಮೆ, ಅಕ್ಕನ ಫೋನಿನಲ್ಲೊಮ್ಮೆ. ತಂತ್ರಾಂಶಗಳೂ ಹಾಗೆಯೇ. ಉತ್ತರ ಬಾರದಿದ್ದರೆ ತಾವಾಗಿಯೇ ಮರುಪ್ರಯತ್ನಿಸುತ್ತವೆ. ಏದುಸಿರು ಬಿಡುತ್ತಿರುವ ಸರ್ವರ್ ಮೇಲೆ ಮೂರುಪಟ್ಟು ಹೊರೆ ಬೀಳುವುದು ಹೀಗೆ. ಅದಕ್ಕಾಗಿಯೇ ಒಳ್ಳೆಯ ತಂತ್ರಾಂಶಗಳಲ್ಲಿ ಮರುಪ್ರಯತ್ನಕ್ಕೆ ಮೊದಲು ಒಂದು ಸೆಕೆಂಡ್, ಆಮೇಲೆ ಎರಡು, ಆಮೇಲೆ ನಾಲ್ಕು ಎಂದು ದುಪ್ಪಟ್ಟಾಗುವ ವಿರಾಮ ಇಟ್ಟಿರುತ್ತಾರೆ. ಎಲ್ಲರೂ ಒಂದೇ ಗಳಿಗೆಗೆ ವಾಪಸು ಬರದಂತೆ ಆ ವಿರಾಮವನ್ನು ಸ್ವಲ್ಪ ಚದುರಿಸಿರುತ್ತಾರೆ ಕೂಡ.

ವಿಶ್ವೇಶ್ವರಯ್ಯನವರ ಪರಿಹಾರವೂ ಇದೇ ಜಾತಿಯದು. ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಿ, ನೆರೆಯ ನೀರನ್ನು ಅಲ್ಲಿ ಹಿಡಿದು, ನದಿ ತಾಳುವಷ್ಟನ್ನೇ ಕೆಳಗೆ ಬಿಡುವುದು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಹೀಗೆ ಮುಗಿದವು. ಸರ್ವರ್ ಜಗತ್ತಿನಲ್ಲಿ ಇದಕ್ಕೆ ಕ್ಯೂ ಎನ್ನುತ್ತಾರೆ. ಬಂದ ಕೋರಿಕೆಗಳನ್ನೆಲ್ಲ ನೇರವಾಗಿ ಡೇಟಾಬೇಸಿನ ಮೇಲೆ ಸುರಿಯದೆ ನಡುವೆ ಒಂದು ಸಾಗರದಲ್ಲಿ ನಿಲ್ಲಿಸಿ, ಅಳತೆಯಲ್ಲಿ ಬಿಡುವುದು. ಸಾಗರವೂ ತುಂಬಿದರೆ ಹೊಸದನ್ನು ಬಾಗಿಲಲ್ಲೇ ವಿನಯದಿಂದ ವಾಪಸು ಕಳಿಸುವುದು. ನೂರು ಜನರಲ್ಲಿ ಹತ್ತು ಜನಕ್ಕೆ ಇಲ್ಲ ಎಂದರೆ ತೊಂಬತ್ತು ಜನರ ಕೆಲಸವಾಗುತ್ತದೆ. ನೂರಕ್ಕೂ ಹೌದು ಎಂದು ಹೊರಟರೆ ಯಾರ ಕೆಲಸವೂ ಆಗುವುದಿಲ್ಲ.

ತಾನಾಗಿ ತೆರೆಯುವ ಬಾಗಿಲು

ಅದೇ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದರು. ನೀರು ಒಂದು ಮಟ್ಟ ಮೀರಿದರೆ ಅವು ತಾವೇ ತೆರೆದುಕೊಳ್ಳುತ್ತಿದ್ದವು, ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ನಡುರಾತ್ರಿ ಯಾರೋ ಎದ್ದು ಓಡಿಬಂದು ಚಕ್ರ ತಿರುಗಿಸಬೇಕಾಗಿರಲಿಲ್ಲ. ಸರ್ವರ್‌ಗಳ ಫೇಲ್‌ಓವರ್ ಕೇಳುವುದೂ ಇಂಥದೇ ಏರ್ಪಾಟನ್ನು. ಮುಖ್ಯ ಸರ್ವರ್ ಕೆಲವು ಸೆಕೆಂಡಿಗೊಮ್ಮೆ ನಾನಿದ್ದೇನೆ ಎಂದು ನಾಡಿಮಿಡಿತದಂತೆ ಸಂದೇಶ ಕಳಿಸುತ್ತದೆ. ಮಿಡಿತ ನಿಂತರೆ ಕಾವಲಿಗಿದ್ದ ಎರಡನೆಯದು ಗದ್ದುಗೆಗೆ ಬರುತ್ತದೆ.

ಆದರೆ ಮಿಡಿತ ಕೇಳಿಸಲಿಲ್ಲ ಎಂದರೆ ಮೊದಲನೆಯವನು ಸತ್ತಿದ್ದಾನೆ ಎಂದೇ ಅಲ್ಲ. ನಡುವಿನ ತಂತಿ ತುಂಡಾಗಿರಬಹುದು. ಆಗ ಇಬ್ಬರೂ ಬದುಕಿದ್ದಾರೆ, ಇಬ್ಬರೂ ತಾನೇ ಯಜಮಾನ ಎಂದು ತಿಳಿದಿದ್ದಾರೆ, ಇಬ್ಬರೂ ಲೆಕ್ಕ ಬರೆಯುತ್ತಿದ್ದಾರೆ. ಒಂದೇ ಖಾತೆಗೆ ಎರಡು ಪುಸ್ತಕ. ಸರ್ವರ್ ನಿಂತುಹೋಗುವುದಕ್ಕಿಂತ ಇದು ಭೀಕರ, ಏಕೆಂದರೆ ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. 2018ರ ಅಕ್ಟೋಬರಿನಲ್ಲಿ, ತಂತ್ರಾಂಶಗಳ ಮೂಲಬರಹ ಕಾಪಿಡುವ ಗಿಟ್‌ಹಬ್ ಸಂಸ್ಥೆಯ ಎರಡು ತಾಣಗಳ ನಡುವಿನ ಸಂಪರ್ಕ ಕೇವಲ 43 ಸೆಕೆಂಡ್ ಕಡಿಯಿತು. ಅಷ್ಟರಲ್ಲಿ ಯಜಮಾನಿಕೆ ತಾನಾಗಿ ಅಮೆರಿಕದ ಇನ್ನೊಂದು ತುದಿಗೆ ದಾಟಿತ್ತು, ಎರಡೂ ಕಡೆ ಇನ್ನೊಂದರಲ್ಲಿ ಇಲ್ಲದ ಬರಹಗಳು ಉಳಿದಿದ್ದವು. ಅವನ್ನು ಹೊಂದಿಸಿ ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು.

ಆದ್ದರಿಂದಲೇ ಬಲ್ಲವರು ಎರಡಕ್ಕೆ ನಿಲ್ಲದೆ ಮೂರು ಇಡುತ್ತಾರೆ. ತಂತಿ ಎಲ್ಲಿಯೇ ತುಂಡಾಗಲಿ, ಒಂದು ಕಡೆ ಇಬ್ಬರು ಒಂದು ಕಡೆ ಒಬ್ಬ. ಇಬ್ಬರಿರುವ ಕಡೆ ಬಹುಮತ, ಅವರು ಮುಂದುವರಿಯಬಹುದು. ಒಬ್ಬನೇ ಉಳಿದವನು ತಾನೇ ಬರೆಯುವುದನ್ನು ನಿಲ್ಲಿಸಬೇಕು. ಮೂರನೆಯದು ದೊಡ್ಡ ಯಂತ್ರವೇ ಆಗಬೇಕಿಲ್ಲ, ಮತ ಹಾಕಲು ಬೇಕಾದಷ್ಟು ಚಿಕ್ಕದಿದ್ದರೂ ಸಾಕು. ಆದರೆ ಅದು ಮೊದಲ ಎರಡರಲ್ಲಿ ಒಂದರ ಪೆಟ್ಟಿಗೆಯೊಳಗೇ ಕೂತಿರಬಾರದು.

ಹೈದರಾಬಾದಿನಲ್ಲಿ 2022ರ ನವೆಂಬರಿನಲ್ಲಿ, ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ಕ್ಲೌಡ್ ವಲಯ ಆರಂಭವಾದಾಗ ಅದರಲ್ಲಿ ಪ್ರತ್ಯೇಕ ತಾಣಗಳ ಗುಂಪು ಮೂರು ಇದ್ದದ್ದು ಕಾಕತಾಳೀಯವಲ್ಲ. ಹಾಗಾದರೆ ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ. ಅಲ್ಲಿ ಮೂರು ತಾಣಗಳಿರುತ್ತವೆ ನಿಜ. ಆದರೆ ನಿಮ್ಮ ಸರ್ವರನ್ನು ಮೂರರಲ್ಲೂ ಇಡಬೇಕೆಂದು ನೀವೇ ಆರಿಸಬೇಕು, ಅದಕ್ಕೆ ದುಡ್ಡನ್ನೂ ಕೊಡಬೇಕು. ಆರಿಸದಿದ್ದರೆ ಬಾಡಿಗೆಗೆ ಸಿಕ್ಕಿದ ಒಂಟಿ ಸರ್ವರ್ ಅಷ್ಟೆ. ನಿಮ್ಮ ಕಚೇರಿಯಿಂದ ಆ ಕ್ಲೌಡಿಗೆ ಹೋಗುವ ಎರಡು ಕೇಬಲ್‌ಗಳು ಈಗಲೂ ಅದೇ ಸೆಲ್ಲಾರಿನ ಅದೇ ಕೊಳವೆಯಲ್ಲಿವೆ.

ನಕಲು ಇದೆ, ಆದರೆ...

ಯಂತ್ರ ಸುಟ್ಟರೆ ಇನ್ನೊಂದು ಕೊಳ್ಳಬಹುದು. ದತ್ತಾಂಶವನ್ನು ಕೊಳ್ಳಲಾಗುವುದಿಲ್ಲ. ಇದರ ರಕ್ಷಣೆಯಲ್ಲಿ ಎರಡು ಮಾತುಗಳನ್ನು ಒಂದೇ ಎಂದು ತಿಳಿದು ಕೆಟ್ಟವರು ಬಹಳ ಮಂದಿ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ಹಲವು ಅಗ್ಗದ ಡಿಸ್ಕುಗಳನ್ನು ಒಟ್ಟುಗೂಡಿಸಿ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ರೇಯ್ಡ್ ಎಂಬ ವಿಧಾನವನ್ನು ವಿವರಿಸಿದರು. ಇಂದು ಸಣ್ಣ ಕಚೇರಿಯ ಸರ್ವರಿನಲ್ಲೂ ಅದು ಇದೆ. ಆದರೆ ರೇಯ್ಡ್ ಬ್ಯಾಕಪ್ ಅಲ್ಲ. ಇನ್ನೊಂದು ಊರಿನ ಸರ್ವರಿಗೆ ಕ್ಷಣಕ್ಷಣವೂ ನಕಲಾಗುವ ರೆಪ್ಲಿಕೇಷನ್ ಕೂಡ ಬ್ಯಾಕಪ್ ಅಲ್ಲ. ಯಾರೋ ತಪ್ಪಿ ಒಂದು ಕಡತ ಅಳಿಸಿದರೆ, ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ, ಅಷ್ಟೇ ವೇಗವಾಗಿ ನಕಲಾಗುತ್ತದೆ. ದುರುಳ ತಂತ್ರಾಂಶವೊಂದು ಕಡತಗಳಿಗೆ ಬೀಗ ಜಡಿದರೆ ಬೀಗವೂ ನಕಲಾಗುತ್ತದೆ. ನಿನ್ನೆಯ ಸ್ಥಿತಿಯನ್ನು ನಿನ್ನೆಯಂತೆಯೇ ಹಿಡಿದಿಟ್ಟು, ಇಂದಿನ ಕೈಗೆ ಸಿಗದಂತೆ ದೂರ ಇಟ್ಟದ್ದು ಮಾತ್ರ ಬ್ಯಾಕಪ್.

ಅದೂ ಇದೆ ಎಂದುಕೊಂಡು ಇಲ್ಲದಿರಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಇಂಜಿನಿಯರೊಬ್ಬರು ರಾತ್ರಿ ದಣಿದು ಕೆಲಸ ಮಾಡುತ್ತಿದ್ದಾಗ, ಎರಡನೆಯ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ದತ್ತಾಂಶವನ್ನು ಅಳಿಸತೊಡಗಿದರು. ತಡೆದಾಗ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ಪಿಗೆ ಐದು ವಿಧಾನಗಳಿದ್ದವು. ತೆರೆದು ನೋಡಿದರೆ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನಿತ್ಯದ ಬ್ಯಾಕಪ್ ಬಹಳ ದಿನಗಳಿಂದ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಮಿಂಚಂಚೆಯೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ಆಕಸ್ಮಿಕವಾಗಿ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಬಹಿರಂಗವಾಗಿ ಬರೆದುಕೊಂಡಿತು, ತಪ್ಪು ಮಾಡಿದವರ ತಲೆದಂಡ ಕೇಳಲಿಲ್ಲ. ಅದು ದೊಡ್ಡ ಗುಣ.

ಪ್ರತಿಯನ್ನು ಎಷ್ಟು ದೂರ ಇಡಬೇಕು ಎಂಬುದು ಮುಂದಿನ ಪ್ರಶ್ನೆ. ಬೆಳಕು ಗಾಜಿನ ತಂತಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಹೈದರಾಬಾದಿನಿಂದ ಬೆಂಗಳೂರಿಗೆ ಸುಮಾರು 570 ಕಿಲೋಮೀಟರ್, ಹೋಗಿಬರಲು ಸುಮಾರು ಆರು ಮಿಲಿಸೆಕೆಂಡ್ ಬೇಕು. ಪ್ರತಿ ನಮೂದಿಗೂ ಬೆಂಗಳೂರಿನಿಂದ ತಲುಪಿತು ಎಂಬ ಉತ್ತರ ಬರುವವರೆಗೆ ಕಾಯುತ್ತ ಕೂತರೆ ವ್ಯವಹಾರ ನಿಧಾನವಾಗುತ್ತದೆ. ಕಾಯದಿದ್ದರೆ, ಅನಾಹುತವಾದ ಗಳಿಗೆಯಲ್ಲಿ ದಾರಿಯಲ್ಲಿದ್ದ ನಮೂದುಗಳು ಹೋದಂತೆಯೇ. ಹೀಗಾಗಿ ಸಂಸ್ಥೆಯ ಹಿರಿಯರು ಕೂತು ಎರಡು ಪ್ರಶ್ನೆಗಳಿಗೆ ಅಂಕಿಯಲ್ಲಿ ಉತ್ತರ ಬರೆಯಬೇಕು: ಎಷ್ಟು ಹೊತ್ತಿನ ಲೆಕ್ಕ ಕಳೆದುಕೊಂಡರೆ ನಾವು ತಡೆದುಕೊಳ್ಳಬಲ್ಲೆವು? ಎಷ್ಟು ಹೊತ್ತು ಬಾಗಿಲು ಮುಚ್ಚಿದರೆ ತಡೆದುಕೊಳ್ಳಬಲ್ಲೆವು? ಆಸ್ಪತ್ರೆಯ ಉತ್ತರ ಒಂದು, ಪುಸ್ತಕದಂಗಡಿಯ ಉತ್ತರ ಇನ್ನೊಂದು. ಈ ಉತ್ತರವಿಲ್ಲದೆ ಯಂತ್ರ ಕೊಳ್ಳಲು ಹೊರಡುವುದು ಅಳತೆ ಕೊಡದೆ ಬಟ್ಟೆ ಹೊಲಿಸಿದಂತೆ. ಬಹುಕಾಲ ಬಳಕೆಯಲ್ಲಿದ್ದ ಭೂಕಂಪ ನಕ್ಷೆಯಲ್ಲಿ ಹೈದರಾಬಾದ್ ಮತ್ತು ಬೆಂಗಳೂರು ಎರಡೂ ಕಡಿಮೆ ಅಪಾಯದ ಎರಡನೇ ವಲಯದಲ್ಲಿದ್ದವು. ಸಮುದ್ರದಿಂದಲೂ ದೂರ. ಎರಡನೆಯ ಪ್ರತಿಗೆ ಇವು ಒಳ್ಳೆಯ ಊರುಗಳು.

ನಕಲೇ ಅಸಲನ್ನು ಬೀಳಿಸಿದ ದಿನವೂ ಇದೆ. 2021ರ ಫೆಬ್ರುವರಿ 24ರಂದು ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತಿತು. ಮುಖ್ಯ ತಾಣಕ್ಕೂ ಹತ್ತಿರದ ಪ್ರತಿತಾಣಕ್ಕೂ ನಡುವೆ ಎರಡು ಕಂಪನಿಗಳ ಹಲವು ಸಂಪರ್ಕಗಳಿದ್ದವು. ರಸ್ತೆ ಅಗೆತ ಮತ್ತು ಕಾಮಗಾರಿಯಿಂದ ಎರಡೂ ಕಂಪನಿಗಳ ಸಂಪರ್ಕ ಹದಗೆಟ್ಟಿತು ಎಂದು ಆಮೇಲೆ ಸಂಸ್ಥೆ ವಿವರಿಸಿತು. ಆಗಲೂ ಮುಖ್ಯ ತಾಣ ತನ್ನ ಪಾಡಿಗೆ ನಡೆಯಬೇಕಿತ್ತು. ಪ್ರತಿ ಕೈಗೆಟುಕದಿದ್ದರೇನು, ಅಸಲು ಇದೆಯಲ್ಲ! ಆದರೆ ದತ್ತಾಂಶ ಸಂಗ್ರಹ ವ್ಯವಸ್ಥೆ ವಿನ್ಯಾಸದಂತೆ ವರ್ತಿಸದೆ ಅಸಲು ಸಂಗ್ರಹವೂ ಕೈಗೆ ಸಿಗದಾಯಿತು. ವಹಿವಾಟು ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ, ಅಂದು ಮಾರುಕಟ್ಟೆಯನ್ನು ಸಂಜೆ ಐದರವರೆಗೆ ತೆರೆದಿಟ್ಟರು. ತಾಳಿಕೆಗೆಂದು ಸೇರಿಸಿದ ಪ್ರತಿಯೊಂದು ಕೊಂಡಿಯೂ ತಾನೇ ಕೆಡಬಲ್ಲದು, ಕೆಟ್ಟಾಗ ಉಳಿದದ್ದನ್ನು ಎಳೆದುಕೊಂಡು ಬೀಳಬಲ್ಲದು. ಆ ದಿನದ ಬಗ್ಗೆ ಓದಿದ ಮೇಲೆ ನಾನು ಎರಡನೆಯ ಯಂತ್ರವನ್ನು ನೋಡುವ ಕಣ್ಣೇ ಬದಲಾಯಿತು.

ಬೀಳಿಸಿ ನೋಡುವುದು

ಇದಕ್ಕೆ ಇರುವ ಮದ್ದು ಬೇಸರದ್ದು, ದುಬಾರಿಯದಲ್ಲ. ಬೇಕೆಂದೇ ಬೀಳಿಸಿ ನೋಡಬೇಕು. ಅದೇ ಷೇರು ವಿನಿಮಯ ಕೇಂದ್ರ 2024ರ ಮಾರ್ಚ್ 2ರ ಶನಿವಾರ ವಿಶೇಷ ವಹಿವಾಟು ನಡೆಸಿತು. ಮೊದಲ ಅವಧಿ ಮುಖ್ಯ ತಾಣದಿಂದ, ಎರಡನೆಯದು ವಿಪತ್ತಿಗೆಂದು ಕಾದಿರಿಸಿದ ತಾಣದಿಂದ. ಅಣಕು ವ್ಯವಹಾರವಲ್ಲ, ನಿಜವಾದ ಷೇರು, ನಿಜವಾದ ಹಣ. ಅಮೆರಿಕದ ನೆಟ್‌ಫ್ಲಿಕ್ಸ್ ಇನ್ನೂ ಮುಂದೆ ಹೋಗಿ, ಹಗಲು ಹೊತ್ತಿನಲ್ಲಿ ತನ್ನದೇ ಸರ್ವರ್‌ಗಳನ್ನು ಯದ್ವಾತದ್ವಾ ಆರಿಸಿಬಿಡುವ ತಂತ್ರಾಂಶವನ್ನು ಬರೆದು ಅದಕ್ಕೆ ಕೋತಿಯ ಹೆಸರಿಟ್ಟಿತು. ಇಂಜಿನಿಯರುಗಳು ಕಣ್ಣುತೆರೆದು ಕೂತಿರುವಾಗಲೇ ಬೀಳಲಿ, ರಾತ್ರಿ ಮೂರಕ್ಕಲ್ಲ ಎಂಬುದು ಅದರ ಹಿಂದಿನ ಯೋಚನೆ.

ಬೇಗಂಪೇಟೆಯಿಂದ ಏರುತ್ತಿದ್ದ ಪ್ರಯಾಣಿಕ ವಿಮಾನಗಳು 2008ರ ಮಾರ್ಚಿನಲ್ಲಿ ಶಂಷಾಬಾದಿನ ಹೊಸ ನಿಲ್ದಾಣಕ್ಕೆ ಹೋದವು. ಆದರೆ ಈ ಓಡುದಾರಿ ಕಲಿಸುವ ಪಾಠ ಇಲ್ಲೇ ಇದೆ. ವಿಮಾನ ಹೊರಡುವ ಮುನ್ನ, ಇಳಿಯಬೇಕಾದ ನಿಲ್ದಾಣ ಮುಚ್ಚಿದರೆ ಎಲ್ಲಿಗೆ ಎಂದು ಬದಲಿ ನಿಲ್ದಾಣದ ಹೆಸರನ್ನು ಬರೆಯುತ್ತಾರೆ. ಹೆಸರು ಬರೆದರಷ್ಟೇ ಸಾಲದು, ಅಲ್ಲಿಗೆ ತಲುಪಿ ಇನ್ನೂ ಸುತ್ತುಹಾಕಲು ಬೇಕಾದ ಇಂಧನವನ್ನೂ ತುಂಬಿಕೊಂಡೇ ಏರಬೇಕು. ಎಷ್ಟೋ ಸಂಸ್ಥೆಗಳ ಬದಲಿ ತಾಣದ ಹೆಸರು ಕಡತದಲ್ಲಿದೆ. ಅಲ್ಲಿಗೆ ಹೋಗಲು ಬೇಕಾದ ಪಾಸ್‌ವರ್ಡ್, ಪರವಾನಗಿ, ಅಭ್ಯಾಸವಿರುವ ಇಬ್ಬರು ಮನುಷ್ಯರು ಇವೇ ಇಂಧನ, ಅದನ್ನು ತುಂಬಿರುವುದಿಲ್ಲ.

ಮನುಷ್ಯರ ಮಾತು ಬಂತು. ನಿಲ್ಲದ ಕಂಪ್ಯೂಟರ್ ಎಂದೇ 1976ರಿಂದ ಯಂತ್ರ ಮಾರುತ್ತಿದ್ದ ಟ್ಯಾಂಡಮ್ ಕಂಪನಿಯ ಜಿಮ್ ಗ್ರೇ, 1985ರಲ್ಲಿ ತಮ್ಮವೇ ಯಂತ್ರಗಳು ಯಾಕೆ ನಿಂತವು ಎಂದು ಲೆಕ್ಕ ತೆಗೆದರು. ಯಂತ್ರಭಾಗಗಳ ದೋಷ 18 ಪಾಲು, ತಂತ್ರಾಂಶದ್ದು 25. ನಿರ್ವಹಣೆ, ಹೊಂದಾಣಿಕೆ, ದುರಸ್ತಿ ಮಾಡುವ ಕೈಗಳಿಂದಾದದ್ದು 42. ಇದನ್ನು ಸಿಬ್ಬಂದಿಯ ಮೇಲಿನ ದೂರಾಗಿ ಓದಬಾರದು. ದಣಿದ ಕೈ ತಪ್ಪು ಮಾಡಿಯೇ ಮಾಡುತ್ತದೆ ಎಂದು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆಯೇ ತಾಳುತ್ತದೆ. ಮುಖ್ಯ ಸರ್ವರಿನ ಪರದೆಗೆ ಕೆಂಪು ಬಣ್ಣ, ಅಳಿಸುವ ಆದೇಶಕ್ಕೆ ಎರಡನೆಯವರ ಒಪ್ಪಿಗೆ, ರಾತ್ರಿಪಾಳಿಯ ಮರುದಿನ ರಜೆ, ಇವೂ ತಾಳಿಕೆಯ ಸಾಮಗ್ರಿಗಳೇ. ಹೊಸ ತಂತ್ರಾಂಶವನ್ನು ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಹಾಕದಿರುವುದೂ ಅಷ್ಟೇ ಮುಖ್ಯ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ನೀಲಿ ಪರದೆಗೆ ತಳ್ಳಿತು. ಅಸಲಿಗೂ ನಕಲಿಗೂ ಒಂದೇ ಅಪ್‌ಡೇಟ್, ಎರಡೂ ಒಟ್ಟಿಗೆ ಬಿದ್ದವು.

ಆ ದಿನ ಶಂಷಾಬಾದ್ ವಿಮಾನ ನಿಲ್ದಾಣದ ಕೌಂಟರುಗಳಲ್ಲಿ ಪರದೆಗಳು ಕೈಕೊಟ್ಟಾಗ ಸಿಬ್ಬಂದಿ ಮುದ್ರಿತ ಖಾಲಿ ಚೀಟಿಗಳನ್ನೂ ಪೆನ್ನುಗಳನ್ನೂ ತೆಗೆದರು. ಹೈದರಾಬಾದಿನಿಂದ ಕೋಲ್ಕತ್ತಕ್ಕೆ ಹೊರಟ ಒಬ್ಬ ಪ್ರಯಾಣಿಕರ ಬೋರ್ಡಿಂಗ್ ಪಾಸಿನ ಚಿತ್ರ ಅಂದು ದೇಶವೆಲ್ಲ ಸುತ್ತಿತು. ಹೆಸರು, ವಿಮಾನದ ಸಂಖ್ಯೆ, ಆಸನ, ಎಲ್ಲವೂ ಕೈಬರಹ. ಯಾರೋ ಎಂದೋ ಆ ಖಾಲಿ ಚೀಟಿಗಳನ್ನು ಅಚ್ಚುಹಾಕಿಸಿ, ಕೈಗೆ ಸಿಗುವ ಹಾಗೆ ಇಟ್ಟಿದ್ದರು.